ಬ್ಯಾಪ್ಟಿಸ್ಟರ ದೇವಾಲಯ

ಜಯನಗರ, ಬನಶಂಕರಿ ಮೊದಲಾದ ಬೆಂಗಳೂರಿನ ದಕ್ಷಿಣದ ಬಡಾವಣೆಗಳಲ್ಲಿ ಸಂಚರಿಸುವಾಗ ‘ಬ್ಯಾಪ್ಟಿಸ್ಟ್ ಚರ್ಚ್’ ಎಂಬ ಫಲಕವು ಒಮ್ಮೊಮ್ಮೆ ಕಣ್ಣಿಗೆ ಬೀಳುವುದುಂಟು. 1904ರ ಹಡ್ಸನ್ ಚರ್ಚಿನಂಥ ಕಲ್ಲಿನ ಕಟ್ಟಡವನ್ನು ಅಲ್ಲಿ ನಿರೀಕ್ಷಿಸಬೇಕಾಗಿಲ್ಲ. ಈ ಪಂಥದ ದೇವಾಲಯದ ಲಕ್ಷಣವೇ ಬೇರೆ.

ಅದರ ಮರ್ಮವು ಒಂದು ಪದದಲ್ಲಿದೆ. ಗ್ರೀಕ್ ಭಾಷೆಯ ‘ಬಾಪ್ಟಿಜೋ’ ಎಂಬುದಕ್ಕೆ ಮುಳುಗಿಸು ಎಂದರ್ಥ. ಕನ್ನಡ ಬೈಬಲ್ಲಿನಲ್ಲಿ ಇದು ‘ದೀಕ್ಷಾಸ್ನಾನ’ವಾಗಿದೆ, ಸಂಸ್ಕೃತ ಬಲ್ಲವರು ಮೆಚ್ಚತಕ್ಕ ಸಮಾಸ. ಇತರ ಅನೇಕ ಕ್ರೈಸ್ತರು ಶಿಶುವಿನ ತಲೆಗೆ ನೀರೆರೆದು ಈ ಸಂಸ್ಕಾರವನ್ನು ಮಾಡುವರು. ಬ್ಯಾಪ್ಟಿಸ್ಟರಾದರೋ ತಿಳಿವಳಿಕೆ ಬಂದು ತಾನಾಗಿ ವಿಶ್ವಾಸವನ್ನು ಒಪ್ಪಿಕೊಂಡವರಿಗೆ ಮಾತ್ರ, ಅದೂ ಪೂರ್ತಿಯಾಗಿ ನೀರಿನಲ್ಲಿ ಮುಳುಗಿಸಿಯೇ ದೀಕ್ಷೆ ಕೊಡುವರು. ಆದಕಾರಣ ದೇವಾಲಯದೊಳಗೇ ಮೆಟ್ಟಿಲಿಳಿದು ಹೋಗುವ ತೊಟ್ಟಿಯನ್ನು ಕಟ್ಟಿಸುವ ವಾಡಿಕೆ ಇವರಲ್ಲುಂಟು. ಅನುಕೂಲವಿಲ್ಲದ ಕಡೆ ಕೆರೆಯೋ ಹೊಳೆಯೋ ಸಾಕು. ಕಟ್ಟಡಕ್ಕಿಂತ ಕೂಡುವ ಸಭೆಯೇ ಮುಖ್ಯವೆಂದೂ, ಪ್ರತಿಯೊಂದು ಸಭೆಯೂ ತನ್ನ ಆಡಳಿತವನ್ನು ತಾನೇ ನಡೆಸಿಕೊಳ್ಳಬೇಕೆಂದೂ ಇವರ ಮತ. 1947ರಲ್ಲಿ ಆಂಗ್ಲಿಕನ್, ಮೆಥೊಡಿಸ್ಟ್ ಮೊದಲಾದ ಪಂಗಡಗಳು ಒಂದುಗೂಡಿ ದಕ್ಷಿಣ ಭಾರತ ಸಭೆಯಾದಾಗ ಬ್ಯಾಪ್ಟಿಸ್ಟರು ಅದರಲ್ಲಿ ಸೇರಲಿಲ್ಲ.

ಈ ಪಂಥಕ್ಕೂ ಕನ್ನಡಕ್ಕೂ ಇರುವ ನಂಟು ಮಾತ್ರ ಇಲ್ಲಿಯ ಕಟ್ಟಡಗಳಿಗಿಂತ ಬಹಳ ಹಳೆಯದು. ಮೊದಲು ಮೆಟ್ಟು ಹೊಲಿಯುತ್ತಿದ್ದ ವಿಲಿಯಂ ಕೇರಿಯವರು ಬ್ಯಾಪ್ಟಿಸ್ಟ್ ಪಾದ್ರಿಗಳಾಗಿ 1793ರಲ್ಲಿ ಬಂಗಾಳಕ್ಕೆ ಬಂದರು. ಕಲಕತ್ತೆಯ ಬಳಿಯ ಶ್ರೀರಾಮಪುರದಲ್ಲಿ ನೆಲಸಿ, ಸಂಗಡಿಗರೊಡನೆ ಮುದ್ರಣಾಲಯವನ್ನು ನಡೆಸಿದರು. 1812ನೆಯ ಮಾರ್ಚ್ 11ರ ರಾತ್ರಿ ಅದಕ್ಕೆ ಬೆಂಕಿ ಬಿದ್ದಿತು. ಕನ್ನಡ ಹೊಸ ಒಡಂಬಡಿಕೆಯ ಹಸ್ತಪ್ರತಿಯೆಲ್ಲ ಭಸ್ಮವಾಯಿತು. ಸಂಸ್ಕೃತವನ್ನು ಮೂಲವಾಗಿಟ್ಟು ಸಿದ್ಧಪಡಿಸುತ್ತಿದ್ದ ಬಹುಭಾಷಾ ನಿಘಂಟೂ ಹೋಯಿತು. ಅದು ಮತ್ತೆ ಹುಟ್ಟಲೇ ಇಲ್ಲ. ನಿಘಂಟಿನ ಒಂದೊಂದು ಪದಕ್ಕೆ ಎಷ್ಟು ದಿನ ಸವೆಯುವುದೆಂಬುದನ್ನು ಬಲ್ಲವರಿಗೆ ಈ ನಷ್ಟದ ಭಾರ ತಿಳಿಯುವುದು. ಕೇರಿಯವರಿಗೆ ಆಗ ಐವತ್ತು ವರ್ಷ. ಅಕ್ಷರದ ಮೊಳೆಗಳು ಕರಗಿಹೋಗಿದ್ದರೂ ಅವನ್ನು ಎರಕಹೊಯ್ಯಲು ಬೇಕಾದ ಉಕ್ಕಿನ ಅಚ್ಚುಗಳು ಬೂದಿಯಲ್ಲಿ ಉಳಿದಿದ್ದವು. ಮತ್ತೆ ಮೊದಲಿನಿಂದ ಬರೆಯತೊಡಗಿದರು. 1817ರಲ್ಲಿ ಅವರ ಕನ್ನಡ ವ್ಯಾಕರಣವು ಇಂಗ್ಲಿಷಿನಲ್ಲಿಯೂ, 1823ರಲ್ಲಿ ಹೊಸ ಒಡಂಬಡಿಕೆಯು ಕನ್ನಡದಲ್ಲಿಯೂ ಅಚ್ಚಾದವು. 1604ರಲ್ಲಿ ನಮ್ಮ ಭಟ್ಟಾಕಳಂಕನು ಕನ್ನಡದ ವ್ಯಾಕರಣವನ್ನು ಸಂಸ್ಕೃತ ಸೂತ್ರಗಳಲ್ಲಿ ರಚಿಸಿದ್ದನು. ಕನ್ನಡಕ್ಕೆ ವ್ಯಾಕರಣ ಬರೆದವರೆಲ್ಲರೂ ಕನ್ನಡದಲ್ಲೇ ಬರೆದವರಲ್ಲವೆಂಬುದು ವಿನೋದವಾಗಿದೆ!

ಬೆಂಗಳೂರಿನಲ್ಲಿ ಇವರ ಹೆಸರನ್ನು ಹೊತ್ತ ಸುಪ್ರಸಿದ್ಧ ಕಟ್ಟಡವು ದೇವಾಲಯವಲ್ಲ, ಆಸ್ಪತ್ರೆ. ಅಮೆರಿಕದ ದಕ್ಷಿಣ ಬ್ಯಾಪ್ಟಿಸ್ಟರು ಅದನ್ನು 1973ರಲ್ಲಿ ಹೆಬ್ಬಾಳದಲ್ಲಿ ತೆರೆದರು. 1989ರಲ್ಲಿ ಅದರ ಆಡಳಿತವು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಕೈಸೇರಿತು. ಹೆಸರು ಮಾತ್ರ ಬ್ಯಾಪ್ಟಿಸ್ಟ್ ಆಸ್ಪತ್ರೆಯೆಂದೇ ನಿಂತಿದೆ.