ಡ್ರ್ಯಾಗನ್ನಿನ ಬೆನ್ನೇರಿದವರ ಕುಲಗೋತ್ರ

ಅಂತಿಮ ಬಿ.ಎ. ತರಗತಿಯವನೊಬ್ಬನು ಮಕ್ಕಳ ಕಥೆಗಳ ವಿಷಯವಾಗಿ ಬರೆಯಲು ಕುಳಿತರೆ ನಗುವವರು ಇದ್ದೇ ಇರುತ್ತಾರೆ. ಅದರಲ್ಲಿಯೂ ಡ್ರ್ಯಾಗನ್ ಎಂಬ ರೆಕ್ಕೆಯುಳ್ಳ, ಬೆಂಕಿಯುಗುಳುವ ಮಹಾಸರ್ಪದ ಬೆನ್ನೇರಿ ಹಾರುವ ಹುಡುಗ ಹುಡುಗಿಯರ ಕಥೆಗಳೆಂದರೆ ಹೇಳುವುದೇ ಬೇಡ. "ಪರೀಕ್ಷೆ ಹತ್ತಿರ ಬಂತು, ಇದೇನಪ್ಪ ನಿನ್ನ ಹುಡುಗಾಟ?" ಎಂದು ವಸತಿಗೃಹದ ಮಿತ್ರರು ಕೇಳಿಯೂ ಆಗಿದೆ. ಆದರೆ ಈ ಕಥೆಗಳನ್ನು ಹುಡುಗಾಟವೆಂದು ತಳ್ಳಿಹಾಕಲು ನಾನು ಸಿದ್ಧನಿಲ್ಲ. ಅವುಗಳ ಮೇಲೆ ನನ್ನದೊಂದು ಆಕ್ಷೇಪಣೆಯಿದೆ. ಪ್ರೀತಿಯಿಂದ ಓದಿದವನ ಆಕ್ಷೇಪಣೆಯೆಂದು ವಾಚಕರು ಭಾವಿಸಬೇಕು.

ಮೊದಲು ಅವುಗಳ ಹಿರಿಮೆಯನ್ನು ಹೇಳಿಬಿಡುತ್ತೇನೆ. ಯುರೋಪಿನ ಹಳೆಯ ಕಥೆಗಳಲ್ಲಿ ಡ್ರ್ಯಾಗನ್ ಬರುವುದು ಸಾಮಾನ್ಯವಾಗಿ ಕೊಲ್ಲಿಸಿಕೊಳ್ಳುವುದಕ್ಕೆ. ಬೇವುಲ್ಫನು ಮುಪ್ಪಿನಲ್ಲಿ ಅದರೊಡನೆ ಹೋರಾಡಿ ತಾನೂ ಮಡಿದನು. ಸಿಗುರ್ಡನು ಗುಂಡಿ ತೋಡಿ, ಅದರಲ್ಲಿ ಅವಿತು, ಫಾಫ್ನಿರನನ್ನು ಕೆಳಗಿನಿಂದ ಇರಿದನು. ಸಂತ ಜಾರ್ಜನಂತೂ ಇಂದಿಗೂ ಚಿತ್ರಗಳಲ್ಲಿ ಕುದುರೆಯ ಮೇಲೆ ಕುಳಿತು ತಿವಿಯುತ್ತಲೇ ಇದ್ದಾನೆ. ಸಾವಿರ ವರ್ಷಗಳ ಇಂಥ ಹಗೆಯನ್ನು ಗೆಳೆಯನನ್ನಾಗಿ ಮಾಡಿದವರಲ್ಲಿ ಆನ್ ಮೆಕಾಫ್ರಿ ಎಂಬಾಕೆಯ ಹೆಸರು ದೊಡ್ಡದು. 1967ರಲ್ಲಿ ಪತ್ರಿಕೆಯೊಂದರಲ್ಲಿ ಅಚ್ಚಾದ ಈಕೆಯ ಡ್ರ್ಯಾಗನ್ ಕಥೆಗೆ ಮರುವರ್ಷ ಹ್ಯೂಗೋ ಪ್ರಶಸ್ತಿ ಬಂದಿತು. ಕಥಾಸಾಹಿತ್ಯಕ್ಕೆ ಆ ಪ್ರಶಸ್ತಿ ಪಡೆದ ಮೊದಲ ಮಹಿಳೆ ಈಕೆಯೇ. ಅವಳ ಪೆರ್ನ್ ಲೋಕದಲ್ಲಿ ಮೊಟ್ಟೆಯೊಡೆದು ಬಂದ ಮರಿಯು ಸುತ್ತ ನಿಂತ ಎಳೆಯರಲ್ಲಿ ಒಬ್ಬರನ್ನು ತಾನೇ ಆರಿಸಿಕೊಳ್ಳುತ್ತದೆ. ಆರಿಸುವುದು ಮರಿ, ಸವಾರನಲ್ಲ! ಅಲ್ಲಿ ಶಿಫಾರಸು ಪತ್ರಕ್ಕೆ ಬೆಲೆಯಿಲ್ಲ. ಅನಂತರ ಇಬ್ಬರ ಮನಸ್ಸೂ ಒಂದೇ. ಸವಾರ ಸತ್ತರೆ ಡ್ರ್ಯಾಗನ್ನೂ ಬದುಕುವುದಿಲ್ಲ.

ಇನ್ನು ನನಗೆ ಹೆಚ್ಚು ಆಪ್ತವಾದ ಪುಸ್ತಕ 'ಎರಗಾನ್'. ಇದನ್ನು ಬರೆಯತೊಡಗಿದಾಗ ಅಮೆರಿಕದ ಕ್ರಿಸ್ಟಫರ್ ಪಾವೊಲೀನಿಗೆ ಹದಿನೈದು ವರ್ಷ. 2002ರಲ್ಲಿ ಮನೆಯವರೇ ಅಚ್ಚು ಹಾಕಿಸಿದರು. 2003ರಲ್ಲಿ ದೊಡ್ಡ ಪ್ರಕಾಶಕರು ಕೈಗೆತ್ತಿಕೊಂಡರು. ಕಥಾನಾಯಕ ಎರಗಾನ್ ಬೆಟ್ಟದ ಬುಡದ ಹಳ್ಳಿಯೊಂದರಲ್ಲಿ ಸೋದರಮಾವನ ಹೊಲದಲ್ಲಿ ದುಡಿಯುವ ಹುಡುಗ. ಬೇಟೆಗೆ ಹೋದಾಗ ಸಿಕ್ಕಿದ ನೀಲಿ ಕಲ್ಲನ್ನು ಕೊಟ್ಟು ಮನೆಗೆ ಮಾಂಸ ಕೊಳ್ಳಲು ನೋಡುತ್ತಾನೆ, ವ್ಯಾಪಾರ ಕುದುರುವುದಿಲ್ಲ. ಆ ಕಲ್ಲೇ ಒಡೆದು ಸಫೀರಾ ಎಂಬ ಹೆಣ್ಣು ಡ್ರ್ಯಾಗನ್ ಹೊರಬರುತ್ತದೆ. ಮೊದಲ ಸಲ ಅದರ ಬೆನ್ನೇರಿ ಹಾರಿ ಇಳಿದಾಗ ಅವನ ತೊಡೆಯ ಚರ್ಮವೆಲ್ಲ ಹುರುಪೆಗೆ ಉಜ್ಜಿ ಕಿತ್ತುಹೋಗಿರುತ್ತದೆ. ಬರಿಯ ಬೆನ್ನಿನ ಎತ್ತನ್ನು ಏರಿದವರಿಗೆ ಈ ಮಾತಿನ ನಿಜ ಗೊತ್ತು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಹಾರಾಟವಲ್ಲ. ಮಾವನನ್ನು ಕೊಂದವರ ಜಾಡು ಹಿಡಿದು ಎರಗಾನ್ ಟೀರ್ಮ್ ಎಂಬ ಬಂದರು ಪಟ್ಟಣಕ್ಕೆ ಬರುತ್ತಾನೆ. ಅಲ್ಲಿ ಹಡಗುಗಳ ಸರಕಿನ ಲೆಕ್ಕಪತ್ರಗಳನ್ನು ಹುಡುಕಿ ನೋಡಬೇಕು. ಆಗ ಹೊರಬೀಳುತ್ತದೆ ಸಂಗತಿ: ಡ್ರ್ಯಾಗನ್ ಸವಾರನಿಗೆ ಓದಲು ಬರುವುದಿಲ್ಲ. ಗುರು ಬ್ರಾಮ್ ಎಲ್ಲ ಕೆಲಸ ಬಿಟ್ಟು, ಕುಳ್ಳಿರಿಸಿ ಅಕ್ಷರ ಕಲಿಸುತ್ತಾನೆ. ಇಲ್ಲಿ ಬೆಂಕಿಯಿಲ್ಲ, ಕತ್ತಿಯಿಲ್ಲ. ನನ್ನ ತಂದೆ ಸಹಕಾರ ಸಂಘದ ಕಾಗದಕ್ಕೆ ಇಂದಿಗೂ ಹೆಬ್ಬೆಟ್ಟನ್ನೇ ಒತ್ತುತ್ತಾರೆ. ಬಸ್ಸಿನ ಹಲಗೆಯನ್ನು ತಾಯಿಗೆ ಓದಿ ಹೇಳುವವನು ನಾನು. ಆಕಾಶದಲ್ಲಿ ಹಾರಬಲ್ಲವನು ಒಂದು ಲೆಕ್ಕದ ಪುಸ್ತಕದ ಮುಂದೆ ತಲೆತಗ್ಗಿಸಿ ನಿಂತದ್ದನ್ನು ನಾನು ಎರಡು ಸಲ ಓದಿದೆ.

ಇಷ್ಟಾದ ಮೇಲೆ ಗ್ರಂಥಕರ್ತ ಕೈಕೊಡುತ್ತಾನೆ. 2005ರಲ್ಲಿ ಬಂದ ಎರಡನೆಯ ಸಂಪುಟದ ಕೊನೆಯಲ್ಲಿ ಎರಗಾನನಿಗೆ ತಿಳಿದುಬರುವುದೇನು? ಅವನು ಮೊರ್ಜನ್ ಎಂಬ ದುಷ್ಟ ಸವಾರನ ಮಗನಂತೆ! 2008ರ ಮೂರನೆಯ ಸಂಪುಟದಲ್ಲಿ ಅದನ್ನು ತಿದ್ದಿ, ಮೊರ್ಜನ್ ಅಲ್ಲ, ಬ್ರಾಮನೇ ತಂದೆ ಎನ್ನುತ್ತಾರೆ. ಬ್ರಾಮನೂ ಹಿಂದೆ ಸವಾರನೇ. ಅಂತೂ ಯಾವ ಕಡೆ ತಿರುಗಿದರೂ ತಂದೆ ಸವಾರನೇ ಆಗಬೇಕು. ಕಥೆಯನ್ನು ನನ್ನ ಬಾಯಿಂದ ಕೇಳುತ್ತಿದ್ದ ತಂಗಿ, ಏಳನೆಯ ತರಗತಿಯವಳು, "ಅಣ್ಣಾ, ಅವನ ಅಪ್ಪ ಬರೀ ರೈತನೇ ಆಗಿದ್ದಿದ್ರೆ ಮೊಟ್ಟೆ ಒಡೀತಿರ್ಲಿಲ್ವಾ?" ಎಂದಳು. ಅವಳಿಗೆ ಕೊಡಲು ನನ್ನಲ್ಲಿ ಉತ್ತರವಿರಲಿಲ್ಲ.

ಇದು ಒಂದು ಪುಸ್ತಕದ ದೋಷವಾಗಿದ್ದರೆ ಬಿಡಬಹುದಿತ್ತು. ಮೆಕಾಫ್ರಿಯ ಲೆಸ್ಸಾ ಕೊಳಕು ಬಟ್ಟೆಯುಟ್ಟ ಊಳಿಗದವಳಂತೆ ಕಂಡರೂ ಆಳುವ ಮನೆತನದ ಉಳಿದೊಂದು ಕುಡಿ. ಕ್ರೆಸಿಡಾ ಕೌವೆಲ್ 2003ರಿಂದ ಬರೆದ ಹನ್ನೆರಡು ಪುಸ್ತಕಗಳ ಹಿಕಪ್ ವೈಕಿಂಗರ ನಾಯಕನ ಮಗ. ಆದರೆ ಈಕೆ ಅದನ್ನು ಮುಚ್ಚಿಡುವುದಿಲ್ಲ, ಹುಟ್ಟಿನಿಂದ ಅವನಿಗೆ ಉಪಯೋಗವೂ ಅಷ್ಟಕ್ಕಷ್ಟೆ. ಅವನಿಗೆ ಸಿಗುವ ಡ್ರ್ಯಾಗನ್ ಎಲ್ಲರದ್ದಕ್ಕಿಂತ ಸಣ್ಣದು, ಬಾಯಲ್ಲಿ ಹಲ್ಲಿಲ್ಲ. ಡ್ರ್ಯಾಗನ್ ಪಳಗಿಸುವ ವಿಧಾನವನ್ನು ತಿಳಿಸುವ ಗ್ರಂಥವೊಂದಿದೆ. ತೆರೆದು ನೋಡಿದರೆ, ಅದರ ಮೇಲೆ ಕಿರುಚು ಎಂಬುದೊಂದೇ ಉಪದೇಶ! (ಈ ಗ್ರಂಥವನ್ನು ಕಂಠಪಾಠ ಮಾಡಿದ ಉಪಾಧ್ಯಾಯರು ನಮ್ಮೂರ ಕಡೆಯೂ ಇದ್ದಾರೆ.) ಹಿಕಪ್ ಕಿರುಚಲಾರ; ಕುಳಿತು ನೋಡಿ ನೋಡಿ ಡ್ರ್ಯಾಗನ್ನುಗಳ ಭಾಷೆಯನ್ನೇ ಕಲಿಯುತ್ತಾನೆ. 2010ರ ಚಲಚ್ಚಿತ್ರದಲ್ಲಿ ಕಥೆ ಬಹಳ ಬದಲಾಗಿದೆ. ಅಲ್ಲಿ ತನ್ನಿಂದಲೇ ಬಾಲ ಊನವಾದ ಡ್ರ್ಯಾಗನ್ನಿಗೆ ಹುಡುಗ ಕಮ್ಮಾರಸಾಲೆಯಲ್ಲಿ ಕೃತಕ ಬಾಲ ಮಾಡಿಕೊಡುತ್ತಾನೆ. ಕುಲದಿಂದ ಬರುವ ವಿದ್ಯೆ ಅದಲ್ಲ.

ಪ್ರಾಚೀನ ಕಥೆಗಳ ಸಂಪ್ರದಾಯವೇ ಹೀಗೆ, ನಮ್ಮ ಕರ್ಣನೂ ಕೊನೆಗೆ ಸೂರ್ಯಪುತ್ರನಾಗಲಿಲ್ಲವೆ ಎಂದು ಅಧ್ಯಾಪಕರು ಕೇಳಬಹುದು. ನಿಜ. ಆದರೆ ಕರ್ಣನಿಗೆ ಹುಟ್ಟಿನ ಗುಟ್ಟು ತಿಳಿದದ್ದರಿಂದ ಬಂದದ್ದು ಸಂಕಟ. ಸಾಕಿದವರನ್ನೂ ಅನ್ನವಿಟ್ಟವನನ್ನೂ ಅವನು ಬಿಡಲಿಲ್ಲ. ಎರಗಾನನಿಗೆ ಕೊನೆಗೆ ಬರುವುದು ನೆಮ್ಮದಿ, ಸದ್ಯ ಒಳ್ಳೆಯ ಸವಾರನ ಮಗನಾದೆನಲ್ಲ ಎಂದು. ಮೇಲಾಗಿ, ಸಂಪ್ರದಾಯವನ್ನು ಮುರಿಯಲಾಗದೆಂಬುದು ಇವರ ಬಾಯಲ್ಲಿ ಸಲ್ಲದು. ಕೊಲ್ಲಬೇಕಾದ ಡ್ರ್ಯಾಗನ್ನನ್ನೇ ಬದುಕಿಸಿ ಜೊತೆಗಾರನನ್ನಾಗಿ ಮಾಡುವಷ್ಟು ಧೈರ್ಯ ಇದ್ದವರಿಗೆ, ರೈತನ ಮಗನನ್ನು ರೈತನ ಮಗನಾಗಿಯೇ ಬಿಡುವ ಧೈರ್ಯ ಏಕೆ ಬರಲಿಲ್ಲ?

ಪಾವೊಲೀನಿಯ ಪುಸ್ತಕದಲ್ಲಿಯೇ ಅಂಥವನೊಬ್ಬನಿದ್ದಾನೆ: ಸತ್ತ ಆ ಸೋದರಮಾವನ ಮಗ ರೋರನ್. ಅವನ ತಂದೆ ಮೊದಲ ಪುಟದಿಂದ ಕೊನೆಯವರೆಗೂ ರೈತನೇ. ಅವನಿಗೆ ಮೊಟ್ಟೆ ಸಿಗುವುದಿಲ್ಲ, ಕೈಯಲ್ಲಿರುವುದು ಒಂದು ಸುತ್ತಿಗೆ. ಅರಸನ ಸೈನಿಕರು ಊರ ಮೇಲೆ ಬಿದ್ದಾಗ ಮುದುಕರು ಮಕ್ಕಳೆನ್ನದೆ ಹಳ್ಳಿಯವರನ್ನು ಹೊರಡಿಸಿಕೊಂಡು ಬೆಟ್ಟ ದಾಟುತ್ತಾನೆ, ಹಡಗು ಕದಿಯುತ್ತಾನೆ, ಸಮುದ್ರದ ಸುಳಿಯೊಂದನ್ನು ತಪ್ಪಿಸಿಕೊಂಡು ಅವರನ್ನು ದಡ ಸೇರಿಸುತ್ತಾನೆ. ಎರಡನೆಯ ಸಂಪುಟದಿಂದ ಮುಂದಕ್ಕೆ ನಾನು ಎರಗಾನನ ಅಧ್ಯಾಯಗಳನ್ನು ಬೇಗ ಬೇಗ ತಿರುವಿ, ರೋರನ್ನನ ಹೆಸರು ಎಲ್ಲಿ ಬರುತ್ತದೆಂದು ಹುಡುಕುತ್ತಿದ್ದೆ.