ಕಡಲೊಳಗಿನ ದಾಯಾದಿಗಳು

ಗಂಡುಹೆಣ್ಣಿನ ಸಂಬಂಧ ಕುದುರಿಸುವಾಗ ಹಿರಿಯರು ಮುಖ ನೋಡಿ ನೆಂಟಸ್ತನವನ್ನು ನಿರ್ಣಯಿಸುವುದಿಲ್ಲ. ಒಬ್ಬರನ್ನೊಬ್ಬರು ಅಚ್ಚುಹೊಯ್ದಂತೆ ಹೋಲುವವರು ಬೇರೆ ಬೇರೆ ವಂಶದವರಾಗಿರಬಹುದು. ಯಾವ ಹೋಲಿಕೆಯೂ ಇಲ್ಲದವರು ಒಂದೇ ಮನೆತನದ ಕವಲುಗಳಾಗಿರಬಹುದು. ಆದುದರಿಂದಲೇ ಗೋತ್ರವನ್ನೋ ಬೆಡಗನ್ನೋ ಬಳಿಯನ್ನೋ ಕೇಳಿ ತಿಳಿಯುವ ಪದ್ಧತಿ ನಾಡಿನಲ್ಲಿ ಬೆಳೆದುಬಂದಿದೆ. ಪ್ರಾಣಿಗಳ ನೆಂಟಸ್ತನವನ್ನು ಗೊತ್ತುಪಡಿಸಲು ಹೊರಟ ವಿಜ್ಞಾನಿಗಳಿಗೂ ಮುಖಲಕ್ಷಣಕ್ಕಿಂತ ಆಳವಾದ ಇಂಥ ಒಂದು ಗುರುತು ಬೇಕಾಯಿತು.

ಮಲ್ಪೆಯಲ್ಲಾಗಲಿ ಕಾರವಾರದಲ್ಲಾಗಲಿ ಮೀನುಗಾರರು ಬಲೆ ಕೊಡವುವಾಗ ಒಮ್ಮೊಮ್ಮೆ ನಕ್ಷತ್ರಮೀನೊಂದು ಮರಳಿನ ಮೇಲೆ ಬೀಳುವುದುಂಟು. ಹೆಸರಿಗೆ ಮೀನಾದರೂ ಅದು ಮೀನಲ್ಲ. ಐದು ತೋಳುಗಳು, ಒರಟು ಚರ್ಮ. ತಲೆಯಿಲ್ಲ, ಮಿದುಳಿಲ್ಲ, ಮುಂದು ಯಾವುದು ಹಿಂದು ಯಾವುದು ಎಂಬುದೂ ತಿಳಿಯುವಂತಿಲ್ಲ. ಅದರ ಪಕ್ಕದಲ್ಲಿಯೇ ಓಡುವ ಏಡಿಗಾದರೋ ಕಣ್ಣುಂಟು, ಕಾಲುಂಟು, ಮಿದುಳುಂಟು. ನೆರಳು ಕಂಡೊಡನೆ ಬಿಲ ಸೇರುವ ಜಾಣ್ಮೆಯೂ ಉಂಟು. ಇವೆರಡರಲ್ಲಿ ಮನುಷ್ಯನಿಗೆ ಹತ್ತಿರದ ಬಂಧು ಯಾವುದೆಂದು ಕೇಳಿದರೆ ಯಾರಾದರೂ ಏಡಿಯತ್ತ ಬೆರಳು ತೋರಿಸುವರು. ಪ್ರಾಣಿಶಾಸ್ತ್ರದ ಉತ್ತರ ಬೇರೆಯೇ ಆಗಿದೆ. ಏಡಿ, ಜೇನ್ನೊಣ, ಎರೆಹುಳು, ಬಸವನಹುಳು ಇವೆಲ್ಲವೂ ದೂರದವು. ತಲೆಯೇ ಇಲ್ಲದ ನಕ್ಷತ್ರಮೀನು ಮನುಷ್ಯನ ದಾಯಾದಿ!

ಈ ತೀರ್ಮಾನಕ್ಕೆ ಆಧಾರವೇನು? ಬೆಳೆದ ಪ್ರಾಣಿಯಲ್ಲಿ ಅದು ಕಾಣುವುದಿಲ್ಲ; ಭ್ರೂಣದಲ್ಲಿ ಹುಡುಕಬೇಕು. ಫಲಿತವಾದ ಅಂಡ ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆಯುತ್ತ ಹೋಗಿ ಜೀವಕೋಶಗಳ ಒಂದು ಪೊಳ್ಳು ಚೆಂಡಾಗುತ್ತದೆ. ಗಾಳಿ ಕಡಿಮೆಯಾದ ಚೆಂಡನ್ನು ಬೆರಳಿನಿಂದ ಒತ್ತಿದರೆ ಹೇಗೆ ತಗ್ಗು ಬೀಳುವುದೋ ಹಾಗೆ ಈ ಚೆಂಡು ಒಂದು ಕಡೆ ಒಳಕ್ಕೆ ಕುಸಿಯುತ್ತದೆ. ಆ ತಗ್ಗೇ ಮುಂದೆ ಅನ್ನನಾಳವೂ ಕರುಳೂ ಆಗುವುದು. ತಗ್ಗಿನ ಬಾಯಲ್ಲಿರುವ ರಂಧ್ರ ಏನಾಗುತ್ತದೆ ಎಂಬುದೇ ಮುಖ್ಯ ಪ್ರಶ್ನೆ. ಎರೆಹುಳು, ಶಂಖದ ಹುಳು ಮೊದಲಾದವುಗಳ ಬಳಗದಲ್ಲಿ ಸಾಮಾನ್ಯವಾಗಿ ಅದು ಬಾಯಾಗುತ್ತದೆ. ನಕ್ಷತ್ರಮೀನಿನ ಬಳಗದಲ್ಲಿಯಾದರೋ ಅದು ಗುದದ್ವಾರವಾಗಿ, ಬಾಯಿ ಆಮೇಲೆ ಬೇರೊಂದು ಕಡೆ ತೆರೆದುಕೊಳ್ಳುತ್ತದೆ. ಕಪ್ಪೆಯ ಭ್ರೂಣದಲ್ಲಿಯೂ ಇದೇ ಕ್ರಮ. ಹಕ್ಕಿಗಳಲ್ಲಿಯೂ ಮನುಷ್ಯನಲ್ಲಿಯೂ ಈ ಕ್ರಮ ಬಹಳವಾಗಿ ಮಾರ್ಪಟ್ಟಿದ್ದರೂ ವಂಶ ಮಾತ್ರ ಅದೇ. 1908ರಲ್ಲಿ ಕಾರ್ಲ್ ಗ್ರೋಬೆನ್ ಎಂಬ ಪ್ರಾಣಿಶಾಸ್ತ್ರಜ್ಞರು ಈ ಎರಡನೆಯ ಬಳಗಕ್ಕೆ ‘ಡ್ಯೂಟರೋಸ್ಟೋಮ್’ ಎಂದು ಹೆಸರಿಟ್ಟರು. ‘ಎರಡನೆಯದಾಗಿ ಬಾಯಿ ಬಂದವು’ ಎಂಬುದು ಆ ಗ್ರೀಕ್ ಮೂಲದ ಪದದ ಅರ್ಥ.

ಹೆಸರು ಬಂದುದು 1908ರಲ್ಲಾದರೂ ನೆಂಟಸ್ತನದ ಎಳೆ ಸಿಕ್ಕಿದುದು ಅದಕ್ಕೂ ನಾಲ್ಕು ದಶಕಗಳ ಹಿಂದೆ. ಅದನ್ನು ಹಿಡಿದೆಳೆದವರು ಇಬ್ಬರು ರಷ್ಯನ್ ತರುಣರು: ಅಲೆಕ್ಸಾಂಡರ್ ಕೊವಲೆವ್‌ಸ್ಕಿ ಮತ್ತು ಇಲ್ಯಾ ಮೆಚ್ನಿಕಾಫ್. 1865ರಲ್ಲಿ ಇಟಲಿಯ ನೇಪಲ್ಸಿನಲ್ಲಿ ಇವರಿಬ್ಬರ ಭೇಟಿಯಾದಾಗ ಒಬ್ಬರಿಗೆ ಇಪ್ಪತ್ತೈದರ ಪ್ರಾಯ, ಇನ್ನೊಬ್ಬರಿಗೆ ಇಪ್ಪತ್ತು. ಸೂಕ್ಷ್ಮದರ್ಶಕವೊಂದೇ ಅವರ ಆಸ್ತಿ. ಕಡಲಿನ ಕ್ಷುದ್ರ ಜೀವಿಗಳ ಮರಿಗಳೇ ಅವರ ಗ್ರಂಥ.

ಕಡಲ ಬಂಡೆಗಳಿಗೂ ಹಡಗಿನ ತಳಕ್ಕೂ ಅಂಟಿಕೊಂಡು ಬಾಳುವ, ತೊಗಲ ಚೀಲದಂಥ ಒಂದು ಪ್ರಾಣಿಯುಂಟು. ಒಂದು ತೂತಿನಿಂದ ನೀರು ಸೆಳೆದುಕೊಂಡು, ಅದರಲ್ಲಿಯ ಆಹಾರದ ಕಣಗಳನ್ನು ಸೋಸಿ, ಇನ್ನೊಂದು ತೂತಿನಿಂದ ಹೊರಬಿಡುವುದೇ ಅದರ ಬದುಕು. ಮುಟ್ಟಿದರೆ ನೀರು ಚಿಮ್ಮುವುದರಿಂದ ಇಂಗ್ಲಿಷಿನಲ್ಲಿ ಅದಕ್ಕೆ ‘ಸೀ ಸ್ಕ್ವರ್ಟ್’ ಎಂಬ ಹೆಸರು. ಬಹುಕಾಲ ಪಂಡಿತರು ಅದನ್ನು ಚಿಪ್ಪಿಯ ಪ್ರಾಣಿಗಳ ಸಾಲಿಗೆ ಸೇರಿಸಿದ್ದರು. 1866ರಲ್ಲಿ ಕೊವಲೆವ್‌ಸ್ಕಿ ಅದರ ಮರಿಯ ಬೆಳವಣಿಗೆಯನ್ನು ಬಣ್ಣಿಸಿದಾಗ ಈ ಲೆಕ್ಕಾಚಾರವೆಲ್ಲ ತಲೆಕೆಳಗಾಯಿತು. ಆ ಮರಿ ಕಪ್ಪೆಯ ಗೊದಮೊಟ್ಟೆಯಂತೆ ಬಾಲ ಬಡಿಯುತ್ತ ಈಜುತ್ತಿತ್ತು. ಬಾಲದ ಉದ್ದಕ್ಕೂ ನೋಟೋಕಾರ್ಡ್ ಎಂಬ ಬಳುಕುವ ದಂಡ, ಅದರ ಮೇಲೆ ನರದ ಕೊಳವೆ! ಬೆನ್ನೆಲುಬುಳ್ಳ ಪ್ರತಿಯೊಂದು ಪ್ರಾಣಿಯ ಭ್ರೂಣದಲ್ಲಿಯೂ ಕಾಣುವ ಗುರುತುಗಳಿವು. ಮನುಷ್ಯನಲ್ಲಿ ಈ ದಂಡದ ಶೇಷ ಬೆನ್ನುಮೂಳೆಗಳ ನಡುವಣ ಮೆತ್ತೆಯ ತಿರುಳಾಗಿ ಉಳಿದಿದೆ.

ಆದರೆ ಸೀ ಸ್ಕ್ವರ್ಟಿನ ಮರಿಗೆ ಈ ಭಾಗ್ಯ ಬಹಳ ಹೊತ್ತು ಇರುವುದಿಲ್ಲ. ಸ್ವಲ್ಪ ಕಾಲ ಈಜಾಡಿದ ಮೇಲೆ ಅದು ತಲೆಯ ಕಡೆಯಿಂದ ಬಂಡೆಗೆ ಅಂಟಿಕೊಳ್ಳುತ್ತದೆ, ಬಾಲ ಕರಗುತ್ತದೆ, ಬೆಳಕನ್ನರಿಯುವ ಕಣ್ಣು, ನರಗಳ ಬಹುಭಾಗ ಎಲ್ಲವೂ ಕರಗಿಹೋಗುತ್ತವೆ. ಉಳಿಯುವುದು ಚೀಲವೊಂದೇ. ಕುಲದ ಗುರುತುಗಳನ್ನು ಬಾಲ್ಯದಲ್ಲಿಯೇ ಕಳೆದುಕೊಂಡುದರಿಂದ ಬೆಳೆದ ಮೇಲೆ ಅದನ್ನು ಯಾರೂ ಗುರುತಿಸದೆ ಹೋದರು. ಚಾರ್ಲ್ಸ್ ಡಾರ್ವಿನರು 1871ರಲ್ಲಿ ಪ್ರಕಟಿಸಿದ ಮಾನವನ ಉತ್ಪತ್ತಿಯನ್ನು ಕುರಿತ ಗ್ರಂಥದಲ್ಲಿ ಈ ಶೋಧವನ್ನು ಆದರದಿಂದ ಸ್ಮರಿಸಿರುವರು.

ಮೆಚ್ನಿಕಾಫರಿಗೆ ಇನ್ನೊಂದು ಎಳೆ ದೊರೆಯಿತು. ಕಡಲ ನೀರಿನಲ್ಲಿ ತೇಲುವ ‘ಟಾರ್ನೇರಿಯ’ ಎಂಬ ಸೂಕ್ಷ್ಮ ಲಾರ್ವಾ ನಕ್ಷತ್ರಮೀನಿನ ಮರಿಯಿರಬೇಕೆಂದು ಹಿಂದಿನವರು ಭಾವಿಸಿದ್ದರು. 1870ರ ಸುಮಾರಿಗೆ ಮೆಚ್ನಿಕಾಫರು ಅದು ಬಲನೊಗ್ಲಾಸಸ್ ಎಂಬ ಹುಳುವಿನ ಮರಿಯೆಂದು ತೋರಿಸಿಕೊಟ್ಟರು. ಈ ಹುಳು ಮರಳಿನಲ್ಲಿ ಬಿಲ ತೋಡಿ ಬಾಳುತ್ತದೆ. ಇದರ ಬಂಧುವೊಂದು ತಮಿಳುನಾಡಿನ ಪಾಂಬನ್ನಿನ ಬಳಿಯಿರುವ ಕ್ರುಸಡೈ ದ್ವೀಪದಲ್ಲಿಯೂ ಉಂಟು. ಸೋಜಿಗವೇನೆಂದರೆ, ಹುಳುವಿನ ಗಂಟಲಲ್ಲಿ ಮೀನಿನ ಕಿವಿರುಗಳನ್ನು ಹೋಲುವ ಸೀಳುಗಳಿವೆ. ಮರಿಯಾದರೋ ನಕ್ಷತ್ರಮೀನಿನ ಮರಿಯ ಪ್ರತಿರೂಪ. ಒಂದು ಕೈ ನಕ್ಷತ್ರಮೀನಿನತ್ತ, ಇನ್ನೊಂದು ಕೈ ಬೆನ್ನೆಲುಬಿನ ಪ್ರಾಣಿಗಳತ್ತ! ಎರಡು ಮನೆಗಳ ನಡುವಣ ಬಾಗಿಲು ಈ ಹುಳುವಿನಿಂದ ತೆರೆಯಿತು. 1881ರಲ್ಲಿ ಮೆಚ್ನಿಕಾಫರು ಈ ಹುಳುಗಳನ್ನೂ ನಕ್ಷತ್ರಮೀನಿನ ಬಳಗವನ್ನೂ ಒಂದೇ ಗುಂಪಿಗೆ ಸೇರಿಸಿದರು. ಇಂದಿನ ಜೀನುಗಳ ಪರೀಕ್ಷೆಯೂ ಅವರ ಮಾತನ್ನೇ ಎತ್ತಿಹಿಡಿದಿದೆ.

ಹೀಗೆ ಕೂಡಿಬಂದ ಮಹಾಕುಟುಂಬದಲ್ಲಿ ಮೂರು ದೊಡ್ಡ ಮನೆಗಳಿವೆ. ಮೊದಲನೆಯದು ಕಂಟಕಚರ್ಮಿಗಳದು, ಇವುಗಳಲ್ಲಿ ಸುಮಾರು 7,000 ಪ್ರಭೇದಗಳುಂಟು. ನಕ್ಷತ್ರಮೀನು, ಬಳ್ಳಿಯಂಥ ತೋಳುಗಳ ಸರ್ಪನಕ್ಷತ್ರ, ಮುಳ್ಳಿನ ಚೆಂಡಿನಂಥ ಸೀ ಅರ್ಚಿನ್, ಕಡಲ ಸೌತೆ, ಕಡಲ ಲಿಲಿ ಎಂದು ಐದು ವರ್ಗಗಳು. ಇವೆಲ್ಲವೂ ಕಡಲಿನ ವಾಸಿಗಳು. ಹೊಳೆ ಕೆರೆಗಳಲ್ಲಿ ಒಂದೂ ಇಲ್ಲ. ನೀರು ತುಂಬಿದ ಕೊಳವೆಗಾಲುಗಳಿಂದ ಇವು ತೆವಳುತ್ತವೆ. ಬೆಳೆದ ದೇಹ ಐದು ಪಾಲಿನದಾದರೂ ಮರಿಗೆ ಮನುಷ್ಯನಂತೆಯೇ ಎಡಬಲಗಳುಂಟು. ಎರಡನೆಯ ಮನೆ ಬಲನೊಗ್ಲಾಸಸ್ ಮತ್ತು ಅದರ ಬಂಧುಗಳದು. ಪ್ರಭೇದಗಳು ಸುಮಾರು 130 ಮಾತ್ರ.

ಮೂರನೆಯ ಮನೆಯಲ್ಲಿ ನೋಟೋಕಾರ್ಡ್ ಇರುವವು. ಇದರೊಳಗೆ ಮತ್ತೆ ಮೂರು ಕವಲುಗಳು: ಸುಮಾರು 3,000 ಪ್ರಭೇದಗಳಿರುವ ಸೀ ಸ್ಕ್ವರ್ಟಿನ ಬಳಗ, ಮರಳಲ್ಲಿ ಹುದುಗಿರುವ, ಬೆರಳುದ್ದದ ಆಂಫಿಯಾಕ್ಸಸ್, ಮೂರನೆಯದಾಗಿ ಕಶೇರುಕಗಳು, ಎಂದರೆ ಬೆನ್ನೆಲುಬುಳ್ಳವು. ದವಡೆಯಿಲ್ಲದ ಲ್ಯಾಂಪ್ರೇಯಿಂದ ಹಿಡಿದು ಶಾರ್ಕು, ಬಂಗುಡೆ, ಕಪ್ಪೆ, ಆಮೆ, ಹಾವು, ನವಿಲು, ಆನೆ, ಮನುಷ್ಯ ಎಲ್ಲರೂ ಈ ಕೊನೆಯ ಕವಲಿನವರೇ. ಕಶೇರುಕಗಳ ಪ್ರಭೇದಗಳು 65,000ಕ್ಕೂ ಹೆಚ್ಚು. ಅವುಗಳಲ್ಲಿ ಸರಿಸುಮಾರು ಅರ್ಧದಷ್ಟು ಮೀನುಗಳು. ಇಡೀ ಮಹಾಕುಟುಂಬದಲ್ಲಿ ಕಡಲನ್ನು ಬಿಟ್ಟು ನೆಲದ ಮೇಲೆ ಸಂಸಾರ ಹೂಡಿದವು ಕಶೇರುಕಗಳು ಮಾತ್ರ.

ವಂಶಾವಳಿಯ ತಿದ್ದುಪಡಿ ಇಲ್ಲಿಗೇ ಮುಗಿದಿಲ್ಲ. ಬಾಣಹುಳು ಎಂಬ ಚಿಕ್ಕ ಕಡಲಪ್ರಾಣಿಯ ಭ್ರೂಣದಲ್ಲಿಯೂ ಬಾಯಿ ತಡವಾಗಿ ಬರುವುದರಿಂದ ಅದನ್ನು ಬಹುಕಾಲ ಈ ಕುಟುಂಬಕ್ಕೇ ಸೇರಿಸಲಾಗಿತ್ತು. ಜೀನುಗಳ ಸಾಕ್ಷ್ಯ ಬಂದ ಮೇಲೆ ಅದನ್ನು ಎದುರು ಬಣಕ್ಕೆ ಕಳುಹಿಸಬೇಕಾಯಿತು. ಬಾಯಿಯ ಲಕ್ಷಣವೊಂದನ್ನೇ ನೆಚ್ಚಲಾಗದೆಂಬುದು ಇದರಿಂದ ಸ್ಪಷ್ಟವಾಯಿತು. ಮೀನಿನ ಆಕಾರವಿರುವ ಆಂಫಿಯಾಕ್ಸಸ್ಸೇ ಕಶೇರುಕಗಳಿಗೆ ಅತಿ ನಿಕಟವೆಂದು ನಂಬಿದ್ದುದೂ ಉಳಿಯಲಿಲ್ಲ. 2006ರಲ್ಲಿ ಪ್ರಕಟವಾದ ಜೀನುಗಳ ಹೋಲಿಕೆಯ ಪ್ರಕಾರ ಆ ಸ್ಥಾನ ಬಂಡೆಗಂಟಿದ ಚೀಲಕ್ಕೆ, ಎಂದರೆ ಸೀ ಸ್ಕ್ವರ್ಟಿಗೆ ಸಲ್ಲುತ್ತದೆ. ಮತ್ತೊಮ್ಮೆ ಮುಖಲಕ್ಷಣ ಸೋತಿತು, ಕುಲ ಗೆದ್ದಿತು.

ಈ ಕುಲಶೋಧನೆಯಿಂದ ಮನುಷ್ಯನಿಗೆ ಏನು ಬಂತು ಎಂದು ಕೇಳುವವರುಂಟು. 1882ರಲ್ಲಿ ಮೆಚ್ನಿಕಾಫರು ಸಿಸಿಲಿಯ ಮೆಸ್ಸೀನಾ ಪಟ್ಟಣದಲ್ಲಿದ್ದರು. ಒಂದು ದಿನ ಮನೆಯವರೆಲ್ಲ ಸರ್ಕಸ್ಸಿನ ಕಪಿಗಳ ಆಟ ನೋಡಲು ಹೋಗಿದ್ದಾಗ, ಅವರು ಒಬ್ಬರೇ ಕುಳಿತು ನಕ್ಷತ್ರಮೀನಿನ ಗಾಜಿನಂಥ ಪಾರದರ್ಶಕ ಮರಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಅದರೊಳಗೆ ಅಲೆದಾಡುವ ಜೀವಕೋಶಗಳು ದೇಹದ ಕಾವಲುಗಾರರಿರಬಹುದೇ ಎಂಬ ಆಲೋಚನೆ ಮಿಂಚಿತು. ತೋಟದ ಗುಲಾಬಿ ಗಿಡದಿಂದ ಮುಳ್ಳು ತಂದು ಮರಿಯ ಮೈಗೆ ಚುಚ್ಚಿದರು. ಮರುದಿನ ಬೆಳಗ್ಗೆ ನೋಡಿದರೆ ಆ ಕೋಶಗಳೆಲ್ಲ ಮುಳ್ಳಿನ ಸುತ್ತ ಮುತ್ತಿಗೆ ಹಾಕಿದ್ದುವು! ಗಾಯವಾದಲ್ಲಿಗೆ ಬಿಳಿಯ ರಕ್ತಕಣಗಳು ಧಾವಿಸಿ ರೋಗಾಣುಗಳನ್ನು ನುಂಗುವುವೆಂಬ ಸಿದ್ಧಾಂತ ಹುಟ್ಟಿದುದು ಆ ಮುಳ್ಳಿನಿಂದ. ಇದಕ್ಕಾಗಿ ಅವರಿಗೆ ಪಾಲ್ ಎರ್ಲಿಕ್ಕರೊಡನೆ ನೊಬೆಲ್ ಪಾರಿತೋಷಕ ದೊರೆತುದು 1908ರಲ್ಲಿ. ಗ್ರೋಬೆನ್ನರು ಈ ಕುಟುಂಬಕ್ಕೆ ಹೆಸರಿಟ್ಟುದೂ ಅದೇ ವರ್ಷ.

ಸೀ ಅರ್ಚಿನ್ನಿನ ಋಣವೂ ಸಣ್ಣದಲ್ಲ. ಗಂಡುಹೆಣ್ಣಿನ ಬೀಜಕೋಶಗಳ ಕೇಂದ್ರಗಳು ಕೂಡಿ ಒಂದಾಗುವುದನ್ನು 1876ರಲ್ಲಿ ಆಸ್ಕರ್ ಹರ್ಟ್‌ವಿಗ್ಗರು ಬಣ್ಣಿಸಿದುದು ಅದರ ಅಂಡದಲ್ಲಿ. ಜೀವಕೋಶಗಳ ವಿಭಜನೆಯನ್ನು ನಿಯಂತ್ರಿಸುವ ‘ಸೈಕ್ಲಿನ್’ ಎಂಬ ಪ್ರೋಟೀನನ್ನು 1982ರಲ್ಲಿ ಟಿಮ್ ಹಂಟ್ ಕಂಡುದೂ ಅದರ ಅಂಡದಲ್ಲಿಯೇ. ಅವರಿಗೆ 2001ರಲ್ಲಿ ನೊಬೆಲ್ ಪಾರಿತೋಷಕದ ಪಾಲು ಸಂದಿತು. ಕ್ಯಾನ್ಸರಿನ ಅಧ್ಯಯನದಲ್ಲಿ ಈ ಪ್ರೋಟೀನಿಗೆ ಇಂದು ದೊಡ್ಡ ಸ್ಥಾನವಿದೆ. ದಾಯಾದಿಯ ಮನೆಯಲ್ಲಿ ದೊರೆತ ಬೀಗದ ಕೈ ಮನುಷ್ಯನ ಮನೆಯ ಬೀಗಕ್ಕೂ ಹೊಂದಿತು. ಇಬ್ಬರ ಮನೆಯ ಬೀಗವನ್ನೂ ಮಾಡಿದ ಕಮ್ಮಾರ ಒಬ್ಬನೇ!

ಪ್ರತಿಯಾಗಿ ದಾಯಾದಿಗೆ ಸಂದುದೇನು? ಮನ್ನಾರ್ ಕೊಲ್ಲಿಯ ತಳದಲ್ಲಿ ಕಡಲ ಸೌತೆಗಳು, ಹೊಲದಲ್ಲಿ ಎರೆಹುಳು ಮಾಡುವಂತೆ, ಮರಳನ್ನು ನುಂಗಿ ಅದರೊಳಗಿನ ಕೊಳೆಯನ್ನು ಜೀರ್ಣಿಸಿ ಶುದ್ಧ ಮರಳನ್ನು ಹೊರಹಾಕುತ್ತವೆ. ಒಣಗಿಸಿದ ಕಡಲ ಸೌತೆಗೆ ಪೂರ್ವ ಏಷ್ಯದ ಊಟದ ಮೇಜಿನಲ್ಲಿ ಭಾರಿ ಬೆಲೆ. ಹಿಡಿದು ಹಿಡಿದು ಅವು ವಿರಳವಾದ ಮೇಲೆ, 2001ರಲ್ಲಿ ಭಾರತ ಸರ್ಕಾರ ಅವುಗಳನ್ನು ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿಸಿತು. ಹುಲಿಗೆ ಇರುವ ರಕ್ಷೆಯೇ ಕಡಲ ಸೌತೆಗೂ ದೊರೆಯಿತು. ಅದನ್ನೇ ನೆಚ್ಚಿ ಮುಳುಗುತ್ತಿದ್ದ ಬಡ ಮೀನುಗಾರರ ಅನ್ನಕ್ಕೆ ಇದರಿಂದ ಕುತ್ತು ಬಂದುದೂ ನಿಜ. ಕಳ್ಳಸಾಗಣೆ ಆಮೇಲೂ ನಿಲ್ಲದಿರುವುದೂ ನಿಜ. 2020ರಲ್ಲಿ ಲಕ್ಷದ್ವೀಪದ ಚೆರಿಯಪಾನಿಯಲ್ಲಿ ಕಡಲ ಸೌತೆಗಳಿಗೆಂದೇ ಸಂರಕ್ಷಿತ ಪ್ರದೇಶವೊಂದನ್ನು ಘೋಷಿಸಲಾಯಿತು.

ದಾಯಾದಿಗಳ ನಡುವೆ ಆಸ್ತಿಯ ವ್ಯಾಜ್ಯ ಹೊಸದಲ್ಲ. ಆದರೆ ಈ ವ್ಯಾಜ್ಯದಲ್ಲಿ ಒಂದು ಪಕ್ಷಕ್ಕೆ ಮಾತು ಬಾರದು, ತಲೆಯೂ ಇಲ್ಲ. ಅದರ ಪರವಾಗಿ ವಕಾಲತ್ತು ವಹಿಸುವ ಹೊಣೆ, ತಲೆಯೂ ನಾಲಗೆಯೂ ಇರುವ ದಾಯಾದಿಯದೇ ಆಗಿದೆ.