ಆರಡಿ ಆಳಿನ ಎರಡು ವೇಷ

ಗಂಡಸು ಅಂದ್ರೆ ಹೇಗಿರಬೇಕು ಸ್ವಾಮಿ? 1950ರ ದಶಕದ ಅಮೆರಿಕದಲ್ಲಿ ಈ ಪ್ರಶ್ನೆ ಕೇಳಿದ್ದರೆ ಹುಡುಗಿಯರೆಲ್ಲ ಒಂದೇ ಹೆಸರು ಹೇಳುತ್ತಿದ್ದರೋ ಏನೋ... ರಾಕ್ ಹಡ್ಸನ್! ಆರಡಿ ಮೀರಿದ ಎತ್ತರ, ಅಗಲ ಎದೆ, ಗಡಸು ದನಿ.

ಆ ಹೆಸರೂ ಅಂಗಡಿ ಸರಕೇ. 1925ರಲ್ಲಿ ಹುಟ್ಟಿದಾಗ ಅವನು ರಾಯ್ ಶೆರರ್. ಲಾರಿ ಓಡಿಸಿಕೊಂಡಿದ್ದ ಹುಡುಗನಿಗೆ ಏಜೆಂಟ್ ಹೆನ್ರಿ ವಿಲ್ಸನ್ ಹೊಸ ಹೆಸರು ಅಂಟಿಸಿದ, ಹಲ್ಲು ಸರಿಮಾಡಿಸಿದ. ಅವನ ಪ್ರೀತಿಯೆಲ್ಲ ಗಂಡಸರ ಮೇಲೆ ಅನ್ನೋದು ಹಾಲಿವುಡ್ಡಿನ ಒಳಗಿನವರಿಗೆ ಗೊತ್ತಿತ್ತು. ಹೊರಗೆ ಬಿದ್ದರೆ ಮಾರ್ಕೆಟ್ ಖಲಾಸ್! 1955ರಲ್ಲಿ ವಿಲ್ಸನ್‌ನ ಸೆಕ್ರೆಟರಿ ಫಿಲಿಸ್ ಗೇಟ್ಸ್ ಜೊತೆ ಮದುವೆ, 1958ರಲ್ಲಿ ವಿಚ್ಛೇದನ. ಆ ಹೆಣ್ಣುಮಗಳ ಪಾಡು ಬೇರೆಯೇ ಕಥೆ ಬಿಡಿ.

ಇನ್ನು ತಮಾಷೆ ಕೇಳಿ. 1959ರ ‘ಪಿಲ್ಲೋ ಟಾಕ್’ನಲ್ಲಿ ಹಡ್ಸನ್ ಹೆಣ್ಣುಮರುಳ ಹೀರೋ. ನಾಯಕಿ ಡೋರಿಸ್ ಡೇಯನ್ನು ಆಟ ಆಡಿಸೋಕೆ ಒಂದು ಸೀನಿನಲ್ಲಿ ‘ಅಂಥವನ’ ಹಾಗೆ ನಟಿಸ್ತಾನೆ. ಅಮ್ಮನ ಮಾತು, ಅಡುಗೆ ರೆಸಿಪಿ, ನಾಜೂಕು ಬೆರಳು! ಅಂದರೆ ನಿಜವಾಗಿ ಅಂಥವನಾದವನು, ಅಲ್ಲದವನ ವೇಷ ಹಾಕಿ, ಆ ವೇಷದೊಳಗೆ ಮತ್ತೆ ಅಂಥವನ ವೇಷ ಹಾಕಿದ್ದಾನೆ. ಥಿಯೇಟರ್ ತುಂಬ ನಗು.

ಈ ನಗು ನಮಗೂ ಹೊಸದಲ್ಲ. ಪರದೆ ಮೇಲೆ ಸೊಂಟ ಬಳುಕಿಸುವ ಕಾಮಿಡಿಯನ್ ಬಂದ ಅಂದ್ರೆ ಗಾಂಧಿ ಕ್ಲಾಸಿನಿಂದ ಶಿಳ್ಳೆ, ‘ಒಂಬತ್ತು!’ ಅನ್ನೋ ಕೂಗು. ಕೂಗುವ ಗುಂಪಿನಲ್ಲೇ ಒಬ್ಬ ಒಳಗೊಳಗೇ ಬೆವರುತ್ತಿರಬಹುದು. ಅವನೂ ಕೂಗ್ತಾನೆ, ಇನ್ನೂ ಜೋರಾಗಿ.

ಆ ಬೆವರು ಅವರವರ ನಡುವೆಯೂ ಗೋಡೆ ಕಟ್ಟಿದೆ. 1970ರ ದಶಕದ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಸ್ಟ್ರೋ ಬೀದಿಯಲ್ಲಿ ಪೊದೆ ಮೀಸೆ, ಚೌಕಳಿ ಅಂಗಿ, ಬಿಗಿ ಜೀನ್ಸ್, ಬೂಟು ತೊಟ್ಟು ಎಲ್ಲರೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗಿದ್ದರು. ಜನ ಅವರಿಗಿಟ್ಟ ಹೆಸರು ‘ಕ್ಲೋನ್’. ಆಮೇಲೆ ಮೈತುಂಬ ರೋಮದ ದಡೂತಿಗಳು ‘ಕರಡಿ’ಗಳಾದರು, 1987ರಲ್ಲಿ ಅವರಿಗೇ ಅಂತ ಒಂದು ಪತ್ರಿಕೆಯೂ ಬಂತು! ನಮ್ಮ ಕಡೆ ಮೆತ್ತಗಿನವನು ‘ಕೋತಿ’, ಗಡಸಿನವನು ‘ಪಂಥಿ’. ಎಷ್ಟೋ ಪಂಥಿಗಳು ‘ನನಗ್ಯಾಕ್ರೀ ಹೆಸರು, ನಾನು ಬರೀ ಗಂಡಸು’ ಅಂದುಬಿಡ್ತಾರೆ. ಕೋತಿಗೆ ಆ ಅನುಕೂಲ ಇಲ್ಲ, ನಡಿಗೆಯೇ ಹೇಳಿಬಿಡುತ್ತಲ್ಲ! ಬಸ್‌ಸ್ಟ್ಯಾಂಡಿನಲ್ಲಿ ಬೈಗುಳ, ಹೊಡೆತ ಮೊದಲು ಬೀಳೋದು ಅವನಿಗೇ. ಇಷ್ಟಾದ ಮೇಲೂ ಜೊತೆಗಾರನನ್ನು ಹುಡುಕುವವರು ‘ಹೆಣ್ಣಿಗರು ಬೇಡ’ ಅಂತ ಷರತ್ತು ಹಾಕ್ತಾರೆ. ಏಟು ತಿಂದವನೇ ಬೆತ್ತ ಹಿಡಿಯೋದು ಅಂದ್ರೆ ಇದೇ. ನನಗಂತೂ ಸರಿಬರೋದಿಲ್ಲ.

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ವಯಸ್ಕರು ಒಪ್ಪಿ ಕೂಡಿದರೆ ಅಪರಾಧವಲ್ಲ ಎಂದಿತು. ಕೋತಿ ಇರಲಿ, ಪಂಥಿ ಇರಲಿ, ತೀರ್ಪು ಒಂದೇ.

ಹಡ್ಸನ್ ಅಷ್ಟು ದಿನ ಕಾಯಲಿಲ್ಲ. 1985ರ ಜುಲೈನಲ್ಲಿ ಏಡ್ಸ್ ಇದೆ ಅಂತ ಪ್ರಕಟಣೆ ಬಂತು, ಅಕ್ಟೋಬರ್ 2ರಂದು ಹೋದ. 59 ವಯಸ್ಸು. ‘ಪಿಲ್ಲೋ ಟಾಕ್’ ಸಿಕ್ಕರೆ ಆ ಸೀನು ನೋಡಿ, ನಗು ಬರುತ್ತಾ ಬರೀರಿ. ಮುಂದಿನ ವಾರ ಸಿಗೋಣ.